ಹದಿನೆಂಟು ಕುಣಿಗಳ ಚರಿತ್ರೆ

ಗೊತ್ತಿಲ್ಲದ ವಿಷಯದ ಬಗ್ಗೆ ಬರೆಯುವುದರಲ್ಲಿ ಒಂದು ಸುಖವಿದೆ: ಕೈ ಎಲ್ಲೂ ತಡವರಿಸುವುದಿಲ್ಲ. ಗಾಲ್ಫ್ ಆಟವನ್ನು ನಾನು ಇವತ್ತಿನವರೆಗೂ ಕಣ್ಣಾರೆ ನೋಡಿಲ್ಲ. ಆದರೂ ಎಪ್ಪತ್ತರ ದಶಕದ ಕೊನೆಯಲ್ಲಿ, ಠಾಣೆಯಲ್ಲಿ ಖಾಡಿ ಎನ್ನುವ ಕಡಲ ಹಿನ್ನೀರಿನ ದಂಡೆಯ ಗಾಲ್ಫ್ ಕ್ಲಬ್ಬೊಂದರ ಚರಿತ್ರೆಯನ್ನು ಕನ್ನಡದಲ್ಲಿ ಬರೆದ ಮಹಾನುಭಾವ ನಾನೇ. ಬರೆಸಿದವರು ಶೀನಪ್ಪಣ್ಣ. ಉಡುಪಿ ಕಡೆಯವರು, ಆ ಕ್ಲಬ್ಬಿನ ಕ್ಯಾಂಟೀನು ಅವರದು, ಡೊಂಬಿವಲಿಯ ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯ ಸಂಪಾದಕರೂ ಅವರೇ. ನನಗೂ ಗರಜು ಇತ್ತು. ಅಳಿಯ ಬರೀ ಕಾರಕೂನ ಎಂದು ಬೈಲಹೊಂಗಲದ ನನ್ನ ಮಾವನವರು ಬಂಧುಬಳಗದೆದುರು ಮರುಗುತ್ತಿದ್ದರು. ನನ್ನ ಹೆಸರು ಒಮ್ಮೆ ಅಚ್ಚಿನಲ್ಲಿ ಅವರ ಕಣ್ಣಿಗೆ ಬಿದ್ದರೆ ಸಾಕಿತ್ತು.

ಶೀನಪ್ಪಣ್ಣ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಮೊದಲು ಅಲ್ಲಿ ಉಪ್ಪಿನಾಗರವಿತ್ತಂತೆ. ಸಾಹೇಬರುಗಳು ಮಣ್ಣು ತುಂಬಿಸಿ ಹುಲ್ಲು ಬೆಳೆಸಿದರಂತೆ. ಉಬ್ಬರ ಬಂದಾಗ ಅರ್ಧ ಮೈದಾನ ಖಾಡಿಯ ಪಾಲು. ಚೆಂಡನ್ನು ಏಡಿಗಳು ಉರುಳಿಸಿಕೊಂಡು ಹೋದದ್ದೂ ಉಂಟಂತೆ. ಎಲ್ಲ ಸುಸೂತ್ರವಾಗಿ ಸಾಗಿತ್ತು, ಚೆಂಡು ಬೀಳಿಸುವ ಆ ಹಾಳು ‘ಹೋಲ್’ ಬರುವ ತನಕ. “ಹೊಂಡ ಅಂತ ಬರೀರಿ ಮಾರಾಯ್ರೆ,” ಎಂದರು ಶೀನಪ್ಪಣ್ಣ. “ಹೊಂಡ ಅಂದ್ರ ನಮ್ಮ ಕಡೆ ನೀರು ಇರತೈತ್ರಿ, ಚೆಂಡು ಮುಳುಗತೈತಿ,” ಎಂದೆ. “ಹಾಗಾದ್ರೆ ಗುಂಡಿ?” “ಅದು ಅಂಗಿಗೆ ಹಚ್ಚೂದ್ರಿ!” ಚಹಾ ತಂದಿಟ್ಟ ನನ್ನ ಹೆಂಡತಿ ಗಿರಿಜೆ, “ತೂತು ಅಂತ ಬರದು ಮರ್ಯಾದಿ ಕಳೀಬ್ಯಾಡ್ರಿ ಮತ್ತ,” ಎಂದು ಎಚ್ಚರಿಸಿದಳು. ಕೊನೆಗೆ ನಾನು ಹಟ ಹಿಡಿದು ನಮ್ಮೂರಿನ ಅಪ್ಪಟ ಶಬ್ದ ‘ಕುಣಿ’ಯನ್ನೇ ಬಳಸಿದೆ. ಗೋಲಿ ಆಡುವಾಗ ನಾವು ತೋಡುತ್ತಿದ್ದದ್ದು ಕುಣಿಯನ್ನೇ ತಾನೇ?

ಸಂಚಿಕೆ ಬಂತು. ಹೆಸರು ದಪ್ಪಕ್ಷರದಲ್ಲಿತ್ತು. ಲೋಕಲ್ ಗಾಡಿಯಲ್ಲಿ ದಿವಾ ಸ್ಟೇಶನ್ನಿನಿಂದ ಕಳವಾ ಸ್ಟೇಶನ್ನಿನವರೆಗೆ ಪಕ್ಕದವನಿಗೆ ಕಾಣುವಂತೆ ಅದನ್ನು ಬಿಚ್ಚಿ ಹಿಡಿದು ನಿಂತಿದ್ದೆ, ಆತ ಗುಜರಾತಿ. ಒಂದು ಪ್ರತಿ ಬೈಲಹೊಂಗಲಕ್ಕೂ ಹೋಯಿತು. ಹದಿನೈದು ದಿನಕ್ಕೆ ಮಗಳ ಹೆಸರಿಗೆ ಮಾವನವರ ಕಾಗದ ಬಂತು. ಗಿರಿಜೆ ಗಟ್ಟಿಯಾಗಿ ಓದತೊಡಗಿದಳು.

“ಅಳಿಯಂದಿರು ಭಾಳ ಚಲೋ ಬರದಾರ. ಮನಿಮಂದಿಗೆಲ್ಲಾ ಓದಿ ಹೇಳಿದೆ. ‘ಮೊದಲು ಒಂಬತ್ತೇ ಕುಣಿಗಳಿದ್ದವು, ಸದಸ್ಯರು ಹೆಚ್ಚಿದಂತೆ ಇನ್ನೂ ಒಂಬತ್ತು ತೋಡಲಾಯಿತು’ ಅನ್ನೋ ಕಡೆ ನಿಮ್ಮವ್ವ ಅತ್ತೇಬಿಟ್ಳು. ಮುಂಬಯಿ ಕಡೆ ಜಾಗದ ತ್ರಾಸು ಐತಿ ಅಂತ ಕೇಳಿದ್ದೆ. ಮಣ್ಣಾಗಾಕೂ ಮೊದಲ ಮೆಂಬರ್ ಆಗಬೇಕು ಅನ್ನೂದು ಗೊತ್ತಿರಲಿಲ್ಲ. ಇಷ್ಟು ಲಗೂನ ಹೆಸರು ಹಚ್ಚೂದು ಬ್ಯಾಡ ಅಂತ ಅಳಿಯಂದಿರಿಗೆ ಹೇಳು. ನಮ್ಮ ಹೊಲದಾಗ ಜಾಗಾ ಐತಿ.”

ಗಿರಿಜೆ ನಕ್ಕು ನಕ್ಕು ನೆಲಕ್ಕೆ ಕುಳಿತಳು. ನಮ್ಮೂರಲ್ಲಿ ಹೆಣ ಹೂಳಲು ತೋಡುವುದೂ ಕುಣಿಯೇ ಎಂಬುದು ನನಗೆ ಆಗ ಹೊಳೆಯಿತು. ನಾನೂ ನಕ್ಕೆ, ಬೇರೆ ದಾರಿಯೇನಿತ್ತು? ಮದುವೆಯಾದಂದಿನಿಂದ ಮಾವನವರು ತಾವಾಗಿ ನನಗೆ ಹೊಲ ಕೊಡುವ ಮಾತಾಡಿದ್ದು ಅದೇ ಮೊದಲು. ಅದೂ ಆರಡಿ ಮೂರಡಿ.