ಮಾವ ಕಲಿಸಿದ ತಿರುಗಾಟ

ನನ್ನ ಸೋದರಮಾವನಿಗೆ ತಲೆ ತಿರುಗುವುದು ಕಾಯಿಲೆಯಲ್ಲ, ವಿದ್ಯೆ! ಉಪ್ಪುಂದದಲ್ಲಿ ಮೀನು ವ್ಯಾಪಾರ ಮಾಡಿಕೊಂಡಿರುವ ಇವರು ಕಾಲೇಜಿನ ಆಟೋಟದಲ್ಲಿ ಗುಂಡು ಎಸೆಯುತ್ತಿದ್ದವರು. ಆಗಿನದು ಹಿಂದಕ್ಕೆ ಜಾರಿ ಬಂದು ಎಸೆಯುವ ಹಳೇ ಕ್ರಮ. ಮೊಬೈಲಿನಲ್ಲಿ ಯಾರೋ ಬುಗುರಿಯ ಹಾಗೆ ಗಿರಕಿ ಹೊಡೆದು ಗುಂಡು ಎಸೆದದ್ದನ್ನು ಕಂಡರು ನೋಡಿ, ಶುರುವಾಯಿತು! ಅದನ್ನು ಕಲಿಸಲು ಅವರ ಕೈಗೆ ಸಿಕ್ಕಿದವಳು ನಾನು.

ಮೊದಲ ಪಾಠ ಅವರ ಮನೆಯಂಗಳದಲ್ಲಿ. ಗುಂಡಿನ ಬದಲಿಗೆ ಸುಲಿದ ತೆಂಗಿನಕಾಯಿ. ಕುತ್ತಿಗೆಗೆ ಒತ್ತಿ ಹಿಡಿದು, ಎಸೆಯುವ ದಿಕ್ಕಿಗೆ ಬೆನ್ನು ಹಾಕಿ, ಎಡಗಾಲ ಮೇಲೆ ಗಿರ್ರನೆ ಸುತ್ತಿ ಬಿಟ್ಟರು. ಕಾಯಿ ಹೋದದ್ದು ಬಚ್ಚಲಮನೆಯ ಹೆಂಚಿಗೆ. ಒಳಗಿನಿಂದ ಅತ್ತೆ ಕೂಗಿದರು: "ಹ್ವಾಯ್, ಕಾಯಿ ಒಡೂಕೆ ಮನೆಲ್ ಕತ್ತಿ ಇತ್ತ್ ಮಾರಾಯ್ರೆ!"

ಮರಳಿನಲ್ಲಿ ಕಾಲು ತಿರುಗುವುದಿಲ್ಲವೆಂದು ಅಂಗಳದಲ್ಲೇ ಸಿಮೆಂಟಿನ ವೃತ್ತ ಹಾಕಿಸಿದರು. ಅದರಲ್ಲಿ ಬೆಳಿಗ್ಗೆ ಅತ್ತೆಯ ಮೆಣಸು ಒಣಗುತ್ತಿತ್ತು, ಸಂಜೆ ನಾನು! ಘಾಟಿಗೆ ಸೀನುತ್ತ ಸುತ್ತುತ್ತಿದ್ದೆ.

"ಸೀನುಕೆ ಅಡ್ಡಿಲ್ಲ, ಗೆರೆ ದಾಟುಕಾಗ" ಎನ್ನುತ್ತಿದ್ದರು ಮಾವ.

ಬೈಂದೂರಿನ ಬಸ್‌ಸ್ಟ್ಯಾಂಡನ್ನಾದರೂ ಬಿಟ್ಟರೇ? "ಸೊಂಟ ಮೊದ್ಲ್, ಕೈ ಕಡಿಗೆ" ಎನ್ನುತ್ತ ಕೊಡೆ ಹಿಡಿದೇ ಒಂದು ಸುತ್ತು ಹಾಕಿದರು. ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡೇ ಕೇಳಿದ: "ಹ್ವಾಯ್, ಬಪ್ಪುದಾ, ಅಲ್ಲೇ ತಿರ್ಗ್ತಾ ಇಪ್ಪುದಾ?" ಪಾಠ ಮುಗಿಸಿ ಮುಂದಿನ ಬಸ್ಸಿಗೆ ಹೋದೆವು!

ನನ್ನ ಭುಜ ಅಗಲ. ಹುಡುಗಿಗೆ ಅದು ಚಂದವಲ್ಲವೆಂದು ನೆಂಟರು ಹೇಳಿ ಹೇಳಿ, ನಾನು ಕುಗ್ಗಿಕೊಂಡೇ ನಡೆಯುತ್ತಿದ್ದೆ. "ದೇವ್ರ್ ಕೊಟ್ಟ ಭುಜ, ಅಡಗ್ಸುದ್ ಎಂತಕೆ?" ಎಂದವರು ಮಾವ ಒಬ್ಬರೇ.

ಬ್ರಹ್ಮಾವರದಲ್ಲಿ ಸ್ಪರ್ಧೆ. ಮೊದಲೆರಡು ಸಲ ಸುತ್ತಿ ವೃತ್ತದ ಹೊರಗೇ ಬಿದ್ದೆ. ಜನ ನಕ್ಕರು. ಉಳಿದದ್ದು ಒಂದೇ ಎಸೆತ.

"ಹಳೀ ಕ್ರಮದಲ್ಲೇ ಎಸೀಲಾ ಮಾವ?"

"ತಿರ್ಗ್ ಮಗಾ. ಬಿದ್ರೆ ಬಿದ್ದೆ."

ತಿರುಗಿದೆ. ಕಾಲು ಒಳಗೇ ನಿಂತಿತು. ಎಸೆತ ಸರಿಯೆಂದು ತೀರ್ಪುಗಾರರು ಬಿಳಿ ಬಾವುಟ ಎತ್ತಿದರು. ಪದಕವೇನೂ ಬರಲಿಲ್ಲ, ನಾಲ್ಕನೆಯವಳಾದೆ. ಆದರೂ ಓಡಿಹೋಗಿ ಕೇಳಿದೆ: "ಎಷ್ಟ್ ದೂರ ಹೋಯ್ತ್ ಕಂಡ್ರ್ಯಾ?"

ಮಾವ ಹೆಗಲ ಬೈರಾಸಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಗುಂಡ್ ಎಲ್ ಬಿತ್ತ್ ಅಂದೇಳಿ ನಾನ್ ಕಾಣ್ಲೇ ಇಲ್ಲ. ನಿನ್ನನ್ನೇ ಕಾಂತಾ ಇದ್ದೆ."

ಕಾಲು ಮುಟ್ಟಲು ಬಗ್ಗಿದೆ. ಎರಡೂ ಭುಜ ಹಿಡಿದು ನಿಲ್ಲಿಸಿದರು.

"ಬಗ್ಗುದ್ ಬ್ಯಾಡ ಮಗಾ. ಹಾಂಗೇ ನಿಲ್ಲ್, ಇನ್ನೊಂಚೂರ್ ಕಾಂತೆ."