ನಾನು ಪಿಕಪ್ ತರಿಸಿದ್ದು

ನಮ್ಮ ಕಡೆ ಹಾರ್ಮೋನಿಯಂ ಬಾರಿಸುವವನಿಗೆ ಮರ್ಯಾದೆ ಸಿಗುತ್ತದೆ, ತಬಲಾ ಬಾರಿಸುವವನಿಗೆ ಚಹಾ ಸಿಗುತ್ತದೆ, ಎಲೆಕ್ಟ್ರಿಕ್ ಗಿಟಾರು ಬಾರಿಸುವವನಿಗೆ ಮಾತ್ರ ಇಂಥ ಪ್ರಸಂಗಗಳು ಸಿಗುತ್ತವೆ. ನಾನೇನೂ ಹುಡುಕಿಕೊಂಡು ಹೋಗುವುದಿಲ್ಲ. ಅವೇ ನನ್ನ ಮನೆ ಕೇಳಿಕೊಂಡು ಬರುತ್ತವೆ.

ಸಿಂದಗಿಯಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ವಾರವೆಲ್ಲ ಗುಳಿಗೆ ಮಾರುತ್ತೇನೆ, ಭಾನುವಾರ ಹೆವಿ ಮೆಟಲ್ ಬಾರಿಸುತ್ತೇನೆ. ನಮ್ಮದು ಮೂರು ಜನರ ಬ್ಯಾಂಡು. ಡ್ರಮ್ ಬಾರಿಸುವ ಗೆಳೆಯನಿಗೆ ಮುದ್ದೇಬಿಹಾಳದಲ್ಲಿ ಅಜ್ಜನ ಕಾಲದ ಕಬ್ಬಿಣದ ಅಂಗಡಿ. ಬೇಸ್ ಗಿಟಾರಿನವನು ಬಸವನ ಬಾಗೇವಾಡಿಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದಾನೆ. ಹೆವಿ ಮೆಟಲ್ ಅಂದರೇನು ಎಂದು ಗೊತ್ತಿಲ್ಲದವರಿಗೆ ನಮ್ಮ ಅವ್ವನ ವಿವರಣೆ ಸಾಕು: "ಹಿಟ್ಟಿನ ಗಿರಣಿಯೊಳಗ ಯಾರೋ ಜಗಳಾ ತಗದಂಗ ಐತಿ."

ಆ ಜಗಳಕ್ಕೆ ಜೋರು ಕೊಡುವುದೇ ಪಿಕಪ್. ಗಿಟಾರಿನ ತಂತಿಗಳ ಕೆಳಗೆ ಕೂಡುವ, ಬೆಂಕಿಪೊಟ್ಟಣಕ್ಕಿಂತ ತುಸು ಉದ್ದನೆಯ ಡಬ್ಬಿ. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳ್ಳನೆಯ ತಾಮ್ರದ ಸುರುಳಿ. ತಂತಿ ನಡುಗಿದ್ದನ್ನು ಹಿಡಿದು ಆಂಪ್ಲಿಫೈಯರಿಗೆ ಮುಟ್ಟಿಸುವುದು ಅದರ ಕೆಲಸ. ನನ್ನ ಹಳೆಯ ಪಿಕಪ್ ಎಷ್ಟು ಗಟ್ಟಿ ಹೊಡೆದರೂ ಹಲ್ಲುನೋವಿನವರ ಹಾಗೆ ನರಳುತ್ತಿತ್ತು. ಕಡೆಗೆ ಹೆವಿ ಮೆಟಲ್ಲಿಗೆಂದೇ ಮಾಡಿದ, ಹೈ ಔಟ್‌ಪುಟ್ಟಿನ ಒಂದು ಜೋಡಿ ತರಿಸಿದೆ. ಅಲ್ಲಿಂದ ಶುರುವಾಯಿತು.

ಲಿಂಬೆಹಣ್ಣು

ನಮ್ಮ ಮಾವನವರದು ಇಂಡಿ ಹತ್ತಿರ ಲಿಂಬೆ ತೋಟ. ನನ್ನ ಹೆಂಡತಿ ಫೋನಿನಲ್ಲಿ ಅಪ್ಪನಿಗೆ ಸಹಜವಾಗಿ ಹೇಳಿಬಿಟ್ಟಿದ್ದಾಳೆ: "ನಿಮ್ಮ ಅಳಿಯಾ ಹೊಸಾ ಪಿಕಪ್ ತರಿಸ್ಯಾರಪಾ. ಭಾಳ ಪವರ್ ಐತಂತ. ನಾಳೆ ಬರ್ತೈತಿ."

ನಮ್ಮ ಕಡೆ ಪಿಕಪ್ ಅಂದರೆ ಒಂದೇ ಅರ್ಥ. ಹಿಂದೆ ಮಾಲು ಹೇರುವ ಗಾಡಿ.

ಮರುದಿನ ಮುಂಜಾನೆ ಮೊದಲನೇ ಬಸ್ಸಿಗೆ ಮಾವ ಬಂದಿಳಿದರು. ಚೀಲದಲ್ಲಿ ತೆಂಗಿನಕಾಯಿ, ಕುಂಕುಮ, ಕರ್ಪೂರ, ತೋಟದ ಲಿಂಬೆಹಣ್ಣು, ಕೈಯಲ್ಲಿ ಮಾರುದ್ದದ ಹೂವಿನ ಮಾಲೆ. ಮುಖ ಮಾತ್ರ ಸಪ್ಪಗಿತ್ತು. ನಮ್ಮ ಓಣಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಎಲ್ಲಿ ನಿಲ್ಲಿಸೀರಿ ಅಳಿಯಂದ್ರ?"

"ಏನನ್ರಿ ಮಾವಾ?" ಎನ್ನುವಷ್ಟರಲ್ಲಿ ಕೊರಿಯರಿನವನ ಬೈಕು ಬಂದು ನಿಂತಿತು. "ಬಂತ್ರಿ ಪಿಕಪ್!" ಎಂದು ನಾನು ಓಡಿದೆ. ಮಾವ ಬೈಕಿನ ಹಿಂದೆ ಬಗ್ಗಿ ನೋಡಿದರು. ದೂರದವರೆಗೂ ನೋಡಿದರು. ಒಂದು ಹಂದಿ ಬಿಟ್ಟರೆ ಏನೂ ಬರುತ್ತಿರಲಿಲ್ಲ.

ನಾನು ಪೊಟ್ಟಣ ಒಡೆದು ಅವರ ಅಂಗೈ ಮೇಲೆ ಇಟ್ಟೆ. ತಿರುಗಿಸಿ ಮುರುಗಿಸಿ ನೋಡಿದರು.

"ಅಂದ್ರ... ನೀವು ಅಂಗಡಿ ಮುಚ್ಚಿ ಗಾಡಿ ಹೊಡ್ಯಾಕ ಹೊಂಟಿಲ್ಲ?"

"ಇಲ್ರಿ ಮಾವಾ! ಇದು ಗಿಟಾರಿಗೆ ಹಾಕೂದು."

ಮಾವ ಕಟ್ಟೆಯ ಮೇಲೆ ಕುಸಿದು ಕೂತು ಒಂದು ತಂಬಿಗೆ ನೀರು ಗಟಗಟ ಕುಡಿದರು. "ಗಾಡಿ ಹೊಡಿಯೂದು ಹೀನ ಕೆಲಸ ಅಲ್ರಿ. ಆದ್ರ ನೀವು ಸೈಕಲ್ ಹೊಡಿಯೂದನ್ನ ನಾ ನೋಡೇನಿ. ನಿಮ್ಮ ಅತ್ತಿಯವರು ನಿನ್ನಿಯಿಂದ ಊಟ ಬಿಟ್ಟಾರ."

ಆದರೆ ತಂದ ಪೂಜೆಯ ಸಾಮಾನು ಹಾಗೇ ವಾಪಸ್ ಒಯ್ಯಬಾರದಂತೆ. ಮಣೆಯ ಮೇಲೆ ಪಿಕಪ್ಪುಗಳನ್ನಿಟ್ಟು ಕುಂಕುಮ ಹಚ್ಚಿದರು. ಮಾಲೆ ಹಾಕಿದ್ದೇ ಅವು ಕಾಣದಂತಾದವು. ಕಾಯಿ ಒಡೆದರು, ಕರ್ಪೂರ ಬೆಳಗಿದರು. ಕೊನೆಗೆ ಲಿಂಬೆಹಣ್ಣು ಕೈಯಲ್ಲಿ ಹಿಡಿದು ಮಣೆಯ ಸುತ್ತ ಒಂದು ಸುತ್ತು ಬಂದು ನಿಂತರು.

"ಅಳಿಯಂದ್ರ, ಇವನ್ನ ಯಾವ ಗಾಲಿ ಕೆಳಗ ಇಡೂದ್ರಿ?"

ತಾಳಿ ಸರ

ಇಂಥ ಜೋರಿನ ಪಿಕಪ್ಪಿನೊಳಗಿನ ಅಯಸ್ಕಾಂತವೂ ಜೋರು. ಗಿಟಾರಿಗೆ ಕೂಡಿಸುವ ಮುಂಚೆ ಅವನ್ನು ಮೇಜಿನ ಮೇಲೆ ಇಟ್ಟಿದ್ದೆ. ಹೆಂಡತಿ ಮೇಜು ಒರೆಸಲು ಬಗ್ಗಿದಳು. ಅವಳ ತಾಳಿ ಸರ ಜೋಲಿ ಹೊಡೆದು ಟಕ್ ಎಂದು ಹೋಗಿ ಪಿಕಪ್ಪಿಗೆ ಅಂಟಿಕೊಂಡಿತು.

ಅವಳು ಬಗ್ಗಿದಲ್ಲೇ ನಿಂತಳು. "ನೋಡ್ರಿ ಇಲ್ಲೆ. ಬಂಗಾರ ಚುಂಬಕಕ್ಕ ಹತ್ತತೈತೇನ್ರಿ?"

ಓದಿದ ಬುದ್ಧಿ ಸುಮ್ಮನಿರಬೇಕಲ್ಲ! "ಹತ್ತೂದಿಲ್ಲ" ಎಂದುಬಿಟ್ಟೆ.

ಆ ಸರ ಮಾಡಿಸಿದ್ದು ನಮ್ಮಪ್ಪ. ಒಳಗಿನಿಂದ ಅವ್ವ ಬಂದಳು. ಸೊಸೆಯ ಕಣ್ಣಲ್ಲಿ ನೀರು, ಸರ ಇನ್ನೂ ಪಿಕಪ್ಪಿನ ಮೇಲೆ. "ಅತ್ತಿ, ಇದು ಬಂಗಾರ ಹೌದಲ್ರಿ?" ಎಂದು ಅವಳು ಕೇಳಿದ್ದೇ ಅವ್ವನ ಮುಖ ಬಿಳಿಚಿಕೊಂಡಿತು.

"ನಮ್ಮ ಮನಿಯವರು ಪತ್ತಾರನ ಮುಂದ ತಾವ ಕುಂತು ಮಾಡಿಸ್ಯಾರವಾ. ನನ್ನಾಣಿ!" ಎಂದಳು. ಮಾತು ಗಟ್ಟಿಯಿತ್ತು, ಪಿಕಪ್ಪಿನ ಹತ್ತಿರ ಮಾತ್ರ ಬರಲಿಲ್ಲ.

ನನಗೆ ಬೆವರು. ಬೀಗರ ಮನೆಗೆ ಈ ಸುದ್ದಿ ಹೋದರೆ ಏನು ಗತಿ? ಅಪ್ಪ ಜೀವಮಾನವಿಡೀ ಗಳಿಸಿದ ಹೆಸರು ನನ್ನ ಹೆವಿ ಮೆಟಲ್ಲಿನ ಹುಚ್ಚಿಗೆ ಹೋಯಿತಲ್ಲ! ಸರ ಬಿಡಿಸೋಣವೆಂದು ಬಗ್ಗಿ ಹತ್ತಿರದಿಂದ ನೋಡಿದೆ. ತಾಳಿಯ ಹಿಂದೆ ಒಂದು ಗೊಂಚಲು ಪಿನ್ನು! ಸೀರೆಗೊಂದು, ಕುಪ್ಪಸಕ್ಕೊಂದು, ದಾರಿಯಲ್ಲಿ ಯಾರಾದರೂ ಕೇಳಿದರೆ ಕೊಡಲಿಕ್ಕೊಂದು ಎಂದು ಅವಳು ಸಿಕ್ಕಿಸಿಕೊಂಡವು. ಅಯಸ್ಕಾಂತ ಹಿಡಿದದ್ದು ಅವನ್ನು.

ಪಿನ್ನು ತೆಗೆಸಿ ತಾಳಿಯನ್ನಷ್ಟೇ ಪಿಕಪ್ಪಿಗೆ ಮುಟ್ಟಿಸಿದೆ. ಹತ್ತಲಿಲ್ಲ. ತಿರುಗಿಸಿ ಮುಟ್ಟಿಸಿದೆ. ಆಗಲೂ ಹತ್ತಲಿಲ್ಲ. ಹೆಂಡತಿ ಅಳುತ್ತಲೇ ನಕ್ಕು ಅತ್ತೆಯ ಕಾಲು ಮುಟ್ಟಿದಳು. ಅವ್ವ "ಇರ್ಲಿ ಬಿಡವಾ, ನಮ್ಮ ಮನಿಯವರು ಅಂಥವರಲ್ಲ" ಎಂದು ಸೆರಗಿನಿಂದ ಮುಖ ಒರೆಸಿಕೊಂಡು ದೊಡ್ಡ ಮನಸ್ಸಿನಿಂದ ಒಳಗೆ ಹೋದಳು.

ತುಸು ಹೊತ್ತಿಗೆ ಹೊರಗೆ ಬಂದಳು. ಬಾಗಿಲು ಮುಂದಕ್ಕೆ ಮಾಡಿ, ಕೈಯಲ್ಲಿದ್ದ ತನ್ನ ಬಂಗಾರದ ಬಿಲ್ವರಗಳನ್ನು ಬಿಚ್ಚಿ ನನ್ನ ಮುಂದಿಟ್ಟಳು.

"ಇವನ್ನೂ ಒಮ್ಮಿ ಹಿಡಿದು ನೋಡಪಾ. ನಿಮ್ಮಪ್ಪ ಇನ್ನೂ ಪ್ಯಾಟಿಯಿಂದ ಬಂದಿಲ್ಲ."

ಪಕ್ಕದ ಮನೆಯ ಮಾಸ್ತರು

ಹೊಸ ಪಿಕಪ್ ಕೂಡಿಸಿ ಭಾನುವಾರ ಮನೆಯಲ್ಲೇ ಜೋರಾಗಿ ಬಾರಿಸಿದೆ. ಸೋಮವಾರ ಮುಂಜಾನೆ ಪಕ್ಕದ ಮನೆಯ ನಿವೃತ್ತ ಮಾಸ್ತರು ಸೀದಾ ನನ್ನ ಅಂಗಡಿಗೆ ಬಂದರು. ನನಗೆ ಚಿಕ್ಕಂದಿನಲ್ಲಿ ಪಾಠ ಹೇಳಿದವರು. ಅವರ ಮುಂದೆ ಇವತ್ತಿಗೂ ನನ್ನ ಕೈ ತಾನಾಗಿ ಕಟ್ಟಿಕೊಳ್ಳುತ್ತದೆ. ತಲೆನೋವಿನ ಗುಳಿಗೆ ಕೇಳುತ್ತಾರೆ, ಆಮೇಲೆ ಪೊಲೀಸ್ ಠಾಣೆಗೆ ಹೋಗುತ್ತಾರೆ ಎಂದುಕೊಂಡೆ.

"ನಿನ್ನಿ ಬಾರಿಸಿದ್ದು ನೀನ ಏನು?"

"ತಪ್ಪಾತ್ರಿ ಸರ್. ಇನ್ನಮ್ಯಾಲ ಸಣ್ಣಾಗಿ..."

"ಸಣ್ಣಾಗಿ ಯಾಕ?" ಮಾಸ್ತರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಬ್ಯಾಸಗಿ ಶುರುವಾದಾಗಿನಿಂದ ನಮ್ಮ ಮನ್ಯಾಗ ಬೀಗರು ಬಂದು ಕುಂತಿದ್ರು. ಹೇಳಾಕ ಬರೂದಿಲ್ಲ, ಬಿಡಾಕ ಬರೂದಿಲ್ಲ. ನಿನ್ನಿ ನೀ ಶುರು ಮಾಡಿದ್ದ ತಡ, ಅವರಿಗೆ ಊರಾಗಿನ ಎಮ್ಮಿ ನೆನಪಾತು. ಸಂಜಿ ಬಸ್ಸಿಗೆ ಹ್ವಾದ್ರು!"

ನಾನು ಅವರಿಗೆ ಚಹಾ ತರಿಸಿದೆ. ಮಾಸ್ತರು ಬಸಿಯಲ್ಲಿ ಹಾಕಿಕೊಂಡು ನಿಧಾನಕ್ಕೆ ಕುಡಿದು, ಎದ್ದು ಹೊರಟವರು ಮೆಟ್ಟಿಲ ಮೇಲೆ ನಿಂತರು.

"ಬರೂ ವಾರ ನಮ್ಮ ಷಡ್ಡಕ ಬರಾವದಾನ. ಅಂವಗ ಕಿವಿ ಸ್ವಲ್ಪ ಮಂದ. ಇದಕಿಂತ ದೊಡ್ಡ ಪಿಕಪ್ ಸಿಗತೈತೇನು ನೋಡು."

ತೂಕ

ನಮ್ಮ ಮೊದಲ ಕಾರ್ಯಕ್ರಮ ಮುದ್ದೇಬಿಹಾಳದಲ್ಲಿ, ಡ್ರಮ್ಮಿನ ಗೆಳೆಯನ ಕಬ್ಬಿಣದ ಅಂಗಡಿಯ ಹಿಂದಿನ ಬಯಲಿನಲ್ಲಿ. ಅವನು ಹುರುಪಿನಿಂದ ಬ್ಯಾನರ್ ಮಾಡಿಸಿ ಅಂಗಡಿಗೇ ಕಟ್ಟಿದ್ದ: "ಹೆವಿ ಮೆಟಲ್! ಭಾನುವಾರ ಮುಂಜಾನೆ. ಎಲ್ಲರೂ ಬರ್ರಿ!"

ಯಾರು ಬರುತ್ತಾರೆ? ಖಾಲಿ ಕುರ್ಚಿಗಳ ಮುಂದೆ ಬಾರಿಸಿ ಬರಬೇಕಾಗುತ್ತದೆ ಎಂದುಕೊಂಡೇ ಹೊರಟೆ. ಹೋಗಿ ನೋಡಿದರೆ ರಸ್ತೆ ತುಂಬ ಬೈಕು, ಟಂಟಂ, ಟ್ರ್ಯಾಕ್ಟರು! ಬಯಲಿನಲ್ಲಿ ಕುರ್ಚಿ ಸಾಲದೆ ಜನ ನೆಲಕ್ಕೆ ಕೂತಿದ್ದರು. ನನಗೆ ಕಣ್ಣು ತುಂಬಿ ಬಂತು. ಆಮೇಲೆ ಟ್ರ್ಯಾಕ್ಟರಿನೊಳಗೆ ಇಣುಕಿದೆ. ಬಾಗಿದ ಬೋರಿನ ಪೈಪು, ತುಕ್ಕು ಹಿಡಿದ ತಗಡು, ಮುರಿದ ಕಬ್ಬಿಣದ ಮಂಚ.

ಕಬ್ಬಿಣದ ಅಂಗಡಿ, ಮೇಲೆ "ಹೆವಿ ಮೆಟಲ್" ಎಂದು ಬ್ಯಾನರು. ಇಂಗ್ಲಿಷ್ ಬಲ್ಲವರು ಯಾರೋ ಬಾರದವರಿಗೆ ಭಾರದ ಲೋಹ ಎಂದು ಬಿಡಿಸಿ ಹೇಳಿದ್ದರು. ಸಾವಕಾರರು ಭಾನುವಾರ ಹಳೇ ಕಬ್ಬಿಣ ಕೊಳ್ಳುತ್ತಾರೆಂದು ಊರೂರಿಗೆ ಸುದ್ದಿಯಾಗಿತ್ತು.

"ಏನ್ ಮಾಡೂದೋ ದೋಸ್ತ?" ಎಂದೆ.

"ಏನ್ ಮಾಡೂದು? ಬಂದಾರ, ಕುಂತಾರ. ಬಾರಸೂಣು!" ಎಂದ ಗೆಳೆಯ.

ಬಾರಿಸಿದೆವು. ಹೊಸ ಪಿಕಪ್ ಮೊದಲನೇ ಪೆಟ್ಟಿಗೇ ಗರ್ಜಿಸಿತು. ಬಯಲಿನ ಅಂಚಿಗೆ ಮೇಯುತ್ತಿದ್ದ ಆಡುಗಳು ದಿಕ್ಕಾಪಾಲಾದವು. ಟ್ರ್ಯಾಕ್ಟರಿನೊಳಗಿನ ತಗಡು ತಾನೇ ತಾಳ ಹಾಕತೊಡಗಿತು. ಆದರೆ ಜನ ಒಬ್ಬರೂ ಏಳಲಿಲ್ಲ. ಮುಂದಿನ ಸಾಲಿನಲ್ಲಿ ರುಮಾಲು ಸುತ್ತಿದ ಮುದುಕರೊಬ್ಬರು ಹಳೆಯ ನೇಗಿಲ ಕುಳವನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು. ಇಂಥ ಶ್ರೋತೃಗಳಿಗಾಗಿಯೇ ಕಲಾವಿದ ಬದುಕುವುದು ಎನಿಸಿತು. ನಾನು ಅವರಿಗೆಂದೇ ಬಾರಿಸಿದೆ. ಮುಗಿದ ಮೇಲೆ ಅವರ ಕಡೆಗೇ ತಲೆಬಾಗಿದೆ.

ಮುದುಕರು ಎದ್ದು ವೇದಿಕೆಯ ಹತ್ತಿರ ಬಂದರು. ಆಶೀರ್ವಾದಕ್ಕೆಂದು ತಲೆ ಇನ್ನೂ ಬಗ್ಗಿಸಿದೆ.

"ಪೂಜಿ ಎಲ್ಲಾ ಮುಗೀತಲ್ಲ ತಮ್ಮಾ? ಇನ್ನ ತೂಕ ಯಾವಾಗ ಮಾಡ್ತೀರಿ?"

ಮುಖ್ಯ ಅತಿಥಿಗಳು

ಇದು ಬಸವನ ಬಾಗೇವಾಡಿಯದು. ಬೇಸ್ ಗಿಟಾರಿನ ಗೆಳೆಯ ತನ್ನ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ನಮಗೊಂದು ಹಾಡಿಗೆ ಅವಕಾಶ ಗಿಟ್ಟಿಸಿದ್ದ. ಪ್ರಿನ್ಸಿಪಾಲರು ಶಿಸ್ತಿನ ಮನುಷ್ಯ. ಅವರು ದನಿ ಏರಿಸಿದ್ದನ್ನು ಆ ಕಾಲೇಜಿನಲ್ಲಿ ಯಾರೂ ಕೇಳಿರಲಿಲ್ಲ.

"ಒಂದ ಹಾಡು. ಅದೂ ಮುಖ್ಯ ಅತಿಥಿಗಳ ಭಾಷಣ ಮುಗದ ಮ್ಯಾಲ" ಎಂದು ನಮಗೆ ಮೆಲ್ಲಗೆ ಹೇಳಿದರು. ಅವರು ಅತ್ತ ಹೋದದ್ದೇ ಗೆಳೆಯ ನನ್ನ ಕೈ ಹಿಡಿದ. "ಎಡವಟ್ಟ ಮಾಡಬ್ಯಾಡೋ. ನನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ."

ಇಲ್ಲೊಂದು ವಿಷಯ ಹೇಳಬೇಕು. ಜೋರಿನ ಪಿಕಪ್ಪುಗಳಲ್ಲಿ ಕೆಲವಕ್ಕೆ ಒಂದು ಚಾಳಿ ಇರುತ್ತದೆ. ಒಳಗಿನ ತಾಮ್ರದ ಸುರುಳಿಗೆ ಮೇಣ ಸರಿಯಾಗಿ ತುಂಬಿರದಿದ್ದರೆ ಅವು ತಂತಿಯ ಸದ್ದನ್ನಷ್ಟೇ ಹಿಡಿಯುವುದಿಲ್ಲ. ತೀರ ಹತ್ತಿರ ಬಾಯಿ ತಂದು ಮಾತಾಡಿದರೆ ಮೈಕಿನ ಹಾಗೆ ಮಾತನ್ನೂ ಹಿಡಿಯುತ್ತವೆ. ನನ್ನವು ಆ ಜಾತಿಯವು ಎಂದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ.

ಮುಖ್ಯ ಅತಿಥಿಗಳು ಹಿರಿಯರು, ನಿವೃತ್ತ ಅಧಿಕಾರಿಗಳು. "ಕೊನೆಯದಾಗಿ ಒಂದು ಮಾತು" ಎಂದರು. ನಾನು ವೇದಿಕೆಯ ಬದಿಯ ಕುರ್ಚಿಯಲ್ಲಿ ಕೂತು, ಗಿಟಾರನ್ನು ನೆಟ್ಟಗೆ ಎದೆಗವಚಿಕೊಂಡು, ವಾಲ್ಯೂಮ್ ಪೂರ್ತಿ ತಿರುಗಿಸಿ, ತಂತಿಗಳ ಮೇಲೆ ಅಂಗೈ ಒತ್ತಿ ತಯಾರಾದೆ. ಅವರು ಕೊನೆಯ ಮಾತಿನಿಂದ ತಮ್ಮ ಬಾಲ್ಯಕ್ಕೆ ಹೋದರು. ಬಾಲ್ಯದಿಂದ ಇಲಾಖೆಗೆ ಬಂದರು. "ಇನ್ನೊಂದು ಕೊನೆಯ ಮಾತು" ಎಂದು ಮತ್ತೆ ಬಾಲ್ಯಕ್ಕೆ ಹೊರಟರು. ಹಿಂದಿನ ಸಾಲಿನ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಮಲಗಿದ್ದರು.

ಪ್ರಿನ್ಸಿಪಾಲರು ಕೂತಲ್ಲೇ ಚಡಪಡಿಸಿದರು. ಕೊನೆಗೆ ಎದ್ದು, ಬಗ್ಗಿಕೊಂಡು ನನ್ನ ಹತ್ತಿರ ಬಂದರು. ಸ್ಪೀಕರಿನ ಸದ್ದಿನಲ್ಲಿ ನನಗೆ ಕೇಳಲಿ ಎಂದು ಗಿಟಾರಿಗೆ ಮುಖ ತಾಗುವಷ್ಟು ಬಗ್ಗಿ, ಹಲ್ಲು ಕಚ್ಚಿ ಜೋರಾಗಿ ಅಂದರು:

"ಈ ಮುದುಕಪ್ಪ ಹಿಂಗ ಬಿಟ್ರ ಸಂಜಿತನಾ ನಿಲ್ಲಾವದಾನ! ಏನರ ಬಾರಿಸಿ ಕೆಳಗ ಇಳಸೋ ಮಾರಾಯಾ!"

ಆಂಪ್ಲಿಫೈಯರು ಹೆವಿ ಮೆಟಲ್ಲಿಗೆಂದೇ ತಿರುವಿಟ್ಟದ್ದು. ಆ ಮಾತು ಅದರೊಳಗೆ ಹೋಗಿ, ಪಾಳುಬಾವಿಯೊಳಗಿನಿಂದ ರಾಕ್ಷಸ ಕೂಗಿದ ಹಾಗೆ ಇಡೀ ಸಭಾಗೃಹದಲ್ಲಿ ಮೊಳಗಿತು. "ಮಾರಾಯಾ" ಎಂಬುದಂತೂ ಗೋಡೆಯಿಂದ ಗೋಡೆಗೆ ಹೋಗಿ ಬಂತು.

ಮಲಗಿದ್ದ ಹುಡುಗರು ಎದ್ದು ಕೂತರು. ಪ್ರಿನ್ಸಿಪಾಲರು ಬಗ್ಗಿದವರು ಬಗ್ಗಿದಲ್ಲೇ ಕಲ್ಲಾಗಿದ್ದರು. ನೌಕರಿ ಕಾಯಂ ಆಗದ ಗೆಳೆಯ ಕಣ್ಣು ಮುಚ್ಚಿ ಮನೆದೇವರನ್ನು ನೆನೆಯುತ್ತಿದ್ದ.

ಮುಖ್ಯ ಅತಿಥಿಗಳು ನಿಧಾನವಾಗಿ ನಮ್ಮ ಕಡೆ ತಿರುಗಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಮೈಕಿಗೆ ಬಾಯಿ ಕೊಟ್ಟು, "ದನಿ ಎಲ್ಲಿಂದ ಬಂತೋ ಗೊತ್ತಿಲ್ಲ. ಆದ್ರ ಖರೇ ಹೇಳೈತಿ" ಎಂದವರೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ನನಗೂ ಕಾಲು ಹಿಡದಿದ್ವು. ಯಾರರ 'ಸಾಕು ಮಾಡ್ರಿ' ಅಂತ ಚೀಟಿ ಕಳಸ್ತಾರ ಅಂತ ಹಾದಿ ನೋಡಕೋತ ಮಾತಾಡಾಕತ್ತಿದ್ನಿ. ಬದಕಿಸಿದ್ರಿ!"

ಅವರು ಬಂದು ಪ್ರಿನ್ಸಿಪಾಲರ ಬೆನ್ನು ತಟ್ಟಿ ಕೂತರು. ಪ್ರಿನ್ಸಿಪಾಲರಿಗೆ ಆಗ ಉಸಿರು ಬಂತು. ಗೆಳೆಯ ಕಣ್ಣು ತೆರೆದ. ಜೀವ ಮರಳಿ ಬಂದ ಖುಷಿಗೆ ನಾವು ಹಿಂದೆಂದೂ ಬಾರಿಸದ ಹಾಗೆ ಬಾರಿಸಿದೆವು. ಹಾಡು ಮುಗಿದದ್ದೇ ತಡ, ಹುಡುಗರೆಲ್ಲ ಬೆಂಚಿನ ಮೇಲೆ ನಿಂತು ಕೂಗಿದರು: "ಒನ್ಸ್ ಮೋರ್! ಒನ್ಸ್ ಮೋರ್!"

ನಮ್ಮ ಬ್ಯಾಂಡಿಗೆ ಮೊದಲನೇ ಒನ್ಸ್ ಮೋರ್! ನಾನು ಎರಡೂ ಕೈ ಮುಗಿದು ಮತ್ತೆ ಗಿಟಾರು ಹೆಗಲಿಗೇರಿಸಿದೆ.

ಮುಂದಿನ ಸಾಲಿನಿಂದ ಒಬ್ಬ ಹುಡುಗಿ ಕೈ ಅಡ್ಡ ಮಾಡಿದಳು.

"ನೀವಲ್ರಿ ಸರ್, ನಮ್ಮ ಪ್ರಿನ್ಸಿಪಾಲ್ರು!"