ಸೂರ್ಯನನ್ನೂ ನಂಬದ ಕಾಕಾ

ನಮ್ಮ ಕಾಕಾನಿಗೆ ಇಡೀ ಪುಣೆಯಲ್ಲಿ ಯಾರ ಮೇಲೂ ನಂಬಿಕೆಯಿಲ್ಲ. ರಿಕ್ಷಾದ ಮೀಟರಿನ ಮೇಲಿಲ್ಲ, ಹಾಲಿನವನ ಮೇಲಿಲ್ಲ, ಹವಾಮಾನ ಹೇಳುವವರ ಮೇಲಂತೂ ಕೇಳಲೇಬೇಡಿ. ಇರಲಿ, ಅಂಥವರು ಮನೆಗೊಬ್ಬರು ಇರುತ್ತಾರೆ. ಆದರೆ ಸೂರ್ಯನ ಮೇಲೂ ನಂಬಿಕೆಯಿಲ್ಲದವರನ್ನು ನೀವು ಕಂಡಿದ್ದೀರಾ? ಕಂಡಿಲ್ಲವಾದರೆ ಮಾರ್ಕೆಟ್ ಯಾರ್ಡಿನ ಹತ್ತಿರದ ನಮ್ಮ ಫ್ಲ್ಯಾಟುಗಳ ಸೊಸೈಟಿಗೆ ಬನ್ನಿ. ಬೆಳಿಗ್ಗೆ ಏಳಕ್ಕೆ ತಾರಸಿಯ ಮೇಲೆ, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು, ಪೂರ್ವಕ್ಕೆ ಮುಖ ಮಾಡಿ ನಿಂತಿರುತ್ತಾನೆ. ಸೂರ್ಯನಮಸ್ಕಾರಕ್ಕಲ್ಲ ಸ್ವಾಮೀ, ಹಾಜರಿ ತೆಗೆದುಕೊಳ್ಳಲಿಕ್ಕೆ!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಧಾರವಾಡದ ಕಡೆಯಿಂದ ಇಲ್ಲಿಗೆ ವಿದ್ಯುತ್ ಕೆಲಸಕ್ಕೆ ಬಂದು, ದೊಡ್ಡ ಟವರುಗಳ ಲೈನು ಕಾಯುತ್ತ ಕಾಡುಮೇಡು ಅಲೆದೇ ನೌಕರಿ ಮುಗಿಸಿದವನು. ಕರೆಂಟು ಗೋಡೆಯೊಳಗೆ ಹುಟ್ಟುತ್ತದೆ ಎಂದು ನೀವೂ ನಾನೂ ತಿಳಿದಿದ್ದೇವಲ್ಲ, ಕಾಕಾನ ಪಾಲಿಗೆ ಅದು ಗುಡ್ಡ ಹತ್ತಿ ಹೊಳೆ ದಾಟಿ ದಣಿದು ಬಂದ ಬೀಗರು.

"ಎಲ್ಲೆಲ್ಲಿಂದನೋ ಬರ್ತದವ್ವಾ. ದಾರ್ಯಾಗ ಒಂದೀಟು ಸೋರೇ ಸೋರ್ತದ. ನಿಮಗೇನು, ಖಟ್ ಅಂತ ಸ್ವಿಚ್ ಒತ್ತಿ ಕೂಡ್ತೀರಿ!"

ಈ ಸೋರಿಕೆಯ ಚಿಂತೆ ಅವನ ಊಟಕ್ಕೂ ಅಂಟಿಕೊಂಡಿದೆ. ಮೇಜಿನ ಬಳಿ ಬರುವುದೇ ಇಲ್ಲ. ಅಡುಗೆಮನೆಯಲ್ಲಿ ಒಲೆಯ ಪಕ್ಕಕ್ಕೇ ಸ್ಟೂಲು ಎಳೆದುಕೊಂಡು ಕೂರುತ್ತಾನೆ. "ಹಂಚಿನಿಂದ ಗಂಗಾಳಕ್ಕ ಎಂಟು ಹೆಜ್ಜಿ. ಅಷ್ಟರಾಗ ರೊಟ್ಟಿ ಬಿಸಿ ಅರ್ಧ ಲಾಸ್!" ಎನ್ನುತ್ತಾನೆ. ಅವನ ಹೆಂಡತಿ, ನಮ್ಮ ಕಾಕು, ಬಿಡುತ್ತಾಳೆಯೇ? "ಹಂಗಾರ ಹಂಚಿನ ಮ್ಯಾಲೇ ಕೂಡ್ರಿ. ಲಾಸೇ ಆಗೂದಿಲ್ಲ!"

ನನ್ನ ಮದುವೆಯ ಮಾತು ನಡೆದಾಗ ಅಪ್ಪನಿಗೆ ಜ್ವರ. ಬೆಳಗಾವಿಗೆ ಹೋಗಿ ಹುಡುಗನನ್ನು ನೋಡಿ ಬರಲು ಕಾಕಾನನ್ನೇ ಕಳಿಸಿದರು. ಹಿಂದಿರುಗಿದ ಕೂಡಲೇ ಮನೆಯವರೆಲ್ಲ ಮುತ್ತಿದರು. "ಹ್ಯಾಂಗದನೋ?" ಎಂದು ಅಪ್ಪ ಕೇಳಿದರು.

"ಮನಿ ಹಿಂದ ಟವರ್ ಅದ ನೋಡು, ಭಾಳ ಚೊಲೊ ನಿಂತದ."

"ಅಲ್ಲೋ, ಹುಡುಗ?"

ಕಾಕಾ ಸ್ವಲ್ಪ ಯೋಚಿಸಿ, "ಅವನೂ ನಿಂತಿದ್ದ" ಎಂದ.

ಆ ನಿಂತಿದ್ದವನನ್ನೇ ನಾನು ಮದುವೆಯಾದೆ. ಕಾಕಾ ಇರುವ ಕಟ್ಟಡದಲ್ಲೇ ಫ್ಲ್ಯಾಟ್ ಹಿಡಿದೆವು. ಯಾರಿಗೂ ಬೇಡವಾದ ಸೊಸೈಟಿಯ ಸೆಕ್ರೆಟರಿ ಕೆಲಸ ನನ್ನ ಕೊರಳಿಗೆ ಬಿತ್ತು. ತಾರಸಿಯ ಮೇಲೆ ಸೋಲಾರ್ ಹಾಕಿಸಿದ ಪುಣ್ಯಾತ್ಗಿತ್ತಿಯೂ ನಾನೇ. ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪ, ಎಲ್ಲ ಇನ್ನು ಬಿಸಿಲಿನಲ್ಲೇ ನಡೆಯುತ್ತವೆ ಎಂದು ಸಭೆಯಲ್ಲಿ ಹೆಮ್ಮೆಯಿಂದ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಿಂದ ಕಾಕಾ ಎದ್ದ.

"ಸೂರ್ಯ ಅಂದ್ರ ಆಫೀಸಿನ ಸಾಹೇಬ ಇದ್ದಂಗವ್ವಾ. ಹತ್ತಕ್ಕ ಬರ್ತಾನ, ಐದಕ್ಕ ಹೊಂಟ್ ಹೋಗ್ತಾನ. ನಿಮ್ಮ ಮಂದಿ ಹಿಂಜವಾಡಿ ಐಟಿ ಕಂಪನಿಯಿಂದ ಬಂದು ಲಿಫ್ಟ್ ಹತ್ತೂದು ಎಂಟಕ್ಕ!"

ಇಷ್ಟು ಹೇಳಿದವನು ಮರುದಿನದಿಂದ ಆ ಫಲಕಗಳ ಸೇವೆಗೆ ನಿಂತನಲ್ಲ! ಪಾರಿವಾಳಗಳ ಪ್ರಸಾದ ಒರೆಸುವುದು ಅವನೇ. ಪಾರಿವಾಳಗಳಿಗೆ ಜೋಳ ಹಾಕುವ ಮೇಲಿನ ಮನೆಯ ಆಜಿಯೊಡನೆ ಮರಾಠಿಯಲ್ಲಿ ಜಗಳವಾಡುವುದೂ ಅವನೇ. ದಿನಾ ಮಧ್ಯಾಹ್ನ ಸೋಲಾಪುರದಲ್ಲಿರುವ ಹಳೆಯ ಸಹೋದ್ಯೋಗಿಗೆ ಫೋನು. "ನಿಮ್ಮಲ್ಲೆ ಮೋಡ ಅದ ಏನು?" ಅಲ್ಲಿಯ ಬಯಲಿನ ಸೋಲಾರ್ ಕರೆಂಟು ಲೈನು ಹಿಡಿದು ದೂರದೂರಿಗೆ ಹೋಗುತ್ತದಂತೆ. ಅಲ್ಲಿ ಮೋಡ ಕವಿದರೆ ಇಲ್ಲಿ ಇವನ ಮುಖ ಕಪ್ಪಿಡುತ್ತದೆ. "ಬೀಗರಿಗೆ ಒಂದು ಫೋನಿಲ್ಲ, ಮೋಡದ ಯೋಗಕ್ಷೇಮ ಮಾತ್ರ ತಪ್ಪೂದಿಲ್ಲ" ಎಂದು ಕಾಕುವಿನ ಗೊಣಗಾಟ.

ಒಂದು ದಿನ ಫೋನಿನಲ್ಲಿ ನಮ್ಮ ಸೋಲಾರಿನ ಅಂಕಿ ನೋಡುತ್ತಿದ್ದವನು ಹೌಹಾರಿದ. ಸುಡುಬಿಸಿಲು, ಅಂಕಿ ಮಾತ್ರ ಇಳಿಯುತ್ತಿದೆ! ಕೈಯಲ್ಲಿದ್ದ ಚಹಾ ಬಿಟ್ಟು ತಾರಸಿಗೆ ಓಡಿದ. ನಾನೂ ಹಿಂದೆಯೇ ಓಡಿದೆ. ನೋಡಿದರೆ ಫಲಕಗಳ ಮೇಲೆ ಕಾಕುವಿನ ಹಳೆಯ ಸೀರೆ, ಸೀರೆಯ ಮೇಲೆ ಸಾಲುಸಾಲಾಗಿ ಹಪ್ಪಳ!

"ಏನ ಮಾಡಿದೀ ಇದು? ನೆರಳ ಬಿದ್ರ ಕರೆಂಟ್ ಹುಟ್ಟೂದಿಲ್ಲ!"

"ಗಚ್ಚಿ ತುಂಬ ನೀವ ಈ ಗಾಜು ಹಾಸೀರಿ. ನಾ ಎಲ್ಲೆ ಒಣಗಿಸ್ಲಿ, ನಿಮ್ಮ ಬೆನ್ನ ಮ್ಯಾಲೆ?"

ಅರ್ಧ ತಾಸು ವಾದ ನಡೆದು ಕೊನೆಗೆ ಒಪ್ಪಂದವಾಯಿತು. ಹಪ್ಪಳ ಫಲಕಗಳ ನಡುವಿನ ಓಣಿಗೆ ಇಳಿದವು. ಅವುಗಳನ್ನು ಪಾರಿವಾಳಗಳಿಂದ ಕಾಯುವ ಕೆಲಸ ಕಾಕಾನ ಪಾಲಿಗೆ ಬಂತು.

ಅವನ ಮುಂದಿನ ಸುಧಾರಣೆ ನೀರಿನದು. ಬೆಳಿಗ್ಗೆ ಆರಕ್ಕೆ ಪಂಪು ಹಚ್ಚಿ ಮೇಲಿನ ಟಾಕಿ ತುಂಬಿಸುವುದು ನಮ್ಮ ಪದ್ಧತಿ. "ಸೂರ್ಯ ಎದ್ದಿರೂದಿಲ್ಲ, ದೂರದ ಕರೆಂಟ್ ಯಾಕ ದಣಸ್ತೀರಿ? ಮಧ್ಯಾಹ್ನ ಹಚ್ಚರಿ" ಎಂದು ಮನೆಮನೆಗೆ ಹೋಗಿ ಹೇಳಿ, ಎಲ್ಲರಿಂದ ಹೂಂ ಅನ್ನಿಸಿದ. ಒಳ್ಳೆಯ ಮಾತೇ. ಮೂರು ತಿಂಗಳು ಚೆನ್ನಾಗಿಯೂ ನಡೆಯಿತು.

ಹೀಗಿರುವಾಗ ಮೇ ತಿಂಗಳಲ್ಲಿ ನಾಲ್ಕನೇ ಮಹಡಿಯವರ ಮಗಳ ಮದುವೆ ಬಂತು. ಮನೆಯಲ್ಲೇ ಅರಿಶಿನ ಹಚ್ಚುವ ಶಾಸ್ತ್ರ, ಐವತ್ತು ಜನ ನೆಂಟರು. ಬೆಳಿಗ್ಗೆಯೇ ನೆಂಟರೆಲ್ಲ ಮಿಂದು ಟಾಕಿಯ ತಳ ಕಾಣಿಸಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಪಂಪು ಹಚ್ಚಬೇಕು, ಹನ್ನೊಂದೂವರೆಗೆ ಓಣಿಯಲ್ಲಿ ಗುಲ್‌ಮೊಹರಿನ ಕೊಂಬೆ ಮುರಿದು ತಂತಿಯ ಮೇಲೆ ಬಿತ್ತು. ಕರೆಂಟು ಹೋಯಿತು. ಅದರ ಜೊತೆಗೆ ನಮ್ಮ ಸೋಲಾರೂ ನಿಂತುಹೋಯಿತು!

ನೆತ್ತಿಯ ಮೇಲೆ ಸೂರ್ಯ ಧಗಧಗ ಉರಿಯುತ್ತಿದ್ದಾನೆ, ಲಿಫ್ಟಿಲ್ಲ, ಪಂಪಿಲ್ಲ, ನಲ್ಲಿಯಲ್ಲಿ ಹನಿ ನೀರಿಲ್ಲ. ಜನ ನನ್ನನ್ನು ಹರಿದು ತಿನ್ನಲು ಬಂದರು. ಮದುಮಗಳ ತಾಯಿಯಂತೂ ಅರಿಶಿನದ ಬಟ್ಟಲು ಹಿಡಿದುಕೊಂಡೇ ಕೆಳಗಿಳಿದಿದ್ದರು. ಅವರ ತಮ್ಮ ಎಲ್ಲಿಂದಲೋ ಒಬ್ಬ ಇಲೆಕ್ಟ್ರಿಶಿಯನ್ನನ್ನು, ಟೆಂಪೋದಲ್ಲೊಂದು ಜನರೇಟರನ್ನು ತಂದ. ಮೀಟರ್ ಕೋಣೆಯಲ್ಲಿ ಎರಡು ವೈರು ಸಿಕ್ಕಿಸಿದರೆ ಪಂಪು, ಲಿಫ್ಟು, ಸೋಲಾರು ಎಲ್ಲ ಎದ್ದು ಕೂರುತ್ತವೆ, ಹತ್ತು ನಿಮಿಷದ ಕೆಲಸ ಎಂದ ಆ ಇಲೆಕ್ಟ್ರಿಶಿಯನ್. ನನಗೂ ಹೌದೆನ್ನಿಸಿತು.

ಮೀಟರ್ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಕಾಕಾ ಕುರ್ಚಿ ಹಾಕಿಕೊಂಡು ಕುಳಿತಿದ್ದ.

"ಏಳ್ರಿ ಕಾಕಾ" ಎಂದರು. ಏಳಲಿಲ್ಲ. "ನಿಮ್ಮ ಮಾತು ಕೇಳಿಯೇ ಟಾಕಿ ಖಾಲಿಯಾದದ್ದು!" ಎಂದು ಮದುಮಗಳ ತಾಯಿ ಮರಾಠಿಯಲ್ಲಿ ಕೂಗಿದರು. ಯಾವ ಮಾತಿಗೂ ಪ್ರತಿಮಾತು ಇಟ್ಟುಕೊಂಡಿರುವ ನಮ್ಮ ಕಾಕಾ ಆವತ್ತು ಕೈಮುಗಿದ. ನೀರಿನ ತಪ್ಪು ನನ್ನದು, ಬೈಯಿರಿ, ಆದರೆ ಈ ಬಾಗಿಲು ತೆರೆಯುವುದಿಲ್ಲ ಎಂದು ಮರಾಠಿಯಲ್ಲೇ ಹೇಳಿದ. ನನಗೆ ರೇಗಿಹೋಯಿತು. "ಕಾಕಾ, ಒಂದು ದಿನಾನಾದ್ರೂ ಹಟಾ ಬಿಡು!" ಎಂದೆ.

ಕಾಕಾ ನನ್ನ ಮುಖ ನೋಡಿದ. "ಓಣಿ ತುದೀಗೆ ಹೋಗು. ಕಂಬದ ಮ್ಯಾಲೆ ಯಾರರ ಇದ್ದಾರೇನು ನೋಡಿ ಬಾ."

ಹೋಗಿ ನೋಡಿದೆ. ಹಳದಿ ಹೆಲ್ಮೆಟ್ಟಿನ ಲೈನ್‌ಮನ್ ಒಬ್ಬರು ಏಣಿ ಹತ್ತಿ, ತಂತಿಗೆ ಸಿಕ್ಕಿದ ಕೊಂಬೆಯನ್ನು ಬರಿಗೈಯಲ್ಲಿ ಬಿಡಿಸುತ್ತಿದ್ದರು. ಬಂದು ಹೇಳಿದೆ.

"ನಮ್ಮ ಸೋಲಾರ್ ಯಾಕ ಬಂದ್ ಆತು ಗೊತ್ತೇನು? ಹೊರಗ ಲೈನ್ ಸತ್ತಾಗ ಇದೂ ಸುಮ್ಮನಿರಬೇಕು. ಇಲ್ಲಂದ್ರ ಇಲ್ಲಿ ಕರೆಂಟು ಹೊರಗ ಹರದು ಕಂಬದ ಮ್ಯಾಲಿದ್ದವರಿಗೆ ಹೊಡೀತದ. ಜನರೇಟರ್ ಹಿಂಗ ಹಚ್ಚಿದ್ರೂ ಅಷ್ಟ." ಆಮೇಲೆ ಹೇಳಿದ. "ಟವರಿಗೆ ಹೋಗೂ ಮೊದಲ, ಊರ ಕಂಬದ ಲೈನಿನ್ಯಾಗ ನನ್ನ ಜೋಡಿ ಕೆಲಸಾ ಮಾಡಾಂವ ಒಬ್ಬ ಇದ್ದ. ಲೈನ್ ಬಂದ್ ಮಾಡಿಸೇ ಹತ್ತಿಸಿದ್ದೆ ಅವನ್ನ. ಯಾರೋ ಮದುವಿ ಮನ್ಯಾಗ ಜನರೇಟರ್ ಹಚ್ಚಿದ್ರು. ಕೆಳಗ ನಿಂತು ನೋಡಿದಾಂವ ನಾನ. ಅವನ ಮನೀಗೆ ಹೋಗಿ ಹೇಳಿದಾಂವನೂ ನಾನ. ಅವನ ತಾಯಿ ಅವನ ಊಟಕ್ಕ ತಾಟ ಹಾಕಿ ಕೂತಿದ್ಲು."

ಇಷ್ಟು ವರ್ಷ ಅವನ ಒಲೆಯ ಪಕ್ಕದಲ್ಲಿ ನಿಂತು ನಕ್ಕಿದ್ದೇನೆ. ಈ ಮಾತು ಒಮ್ಮೆಯೂ ಅವನ ಬಾಯಿಂದ ಬಂದಿರಲಿಲ್ಲ. ಅದನ್ನೆಲ್ಲ ನೆರೆದವರಿಗೆ ಮರಾಠಿಯಲ್ಲಿ ಹೇಳಿದೆ. ಮದುಮಗಳ ತಾಯಿ ಅರಿಶಿನದ ಬಟ್ಟಲನ್ನು ನನ್ನ ಕೈಗಿತ್ತು, ಸೆರಗು ಸಿಕ್ಕಿಸಿ, ನೆಲದಡಿಯ ನೀರಿನ ಟಾಕಿಗೆ ಮೊದಲ ಬಕೆಟ್ಟು ಇಳಿಸಿದರು. ನೆಂಟರೆಲ್ಲ ಮೆಟ್ಟಿಲುದ್ದಕ್ಕೂ ನಿಂತರು. ಮದುಮಗಳೂ ಹಳದಿ ಕೈಯಲ್ಲೇ ಬಕೆಟ್ಟು ದಾಟಿಸಿದಳು. ಟೆಂಪೋ ಬಂದ ದಾರಿಯಲ್ಲೇ ಹೋಯಿತು.

ಮೂರು ಗಂಟೆಗೆ ಕರೆಂಟು ಬಂತು. ಕಾಕಾ ಕುರ್ಚಿ ಬಿಟ್ಟು ಓಣಿಯ ತುದಿಗೆ ನಡೆದ. ನಾನು ಕೋಕಂ ಶರಬತ್ತು ಹಿಡಿದು ಹಿಂದೆ ಹೋದೆ. ಕಂಬದ ಕೆಳಗೆ ಲೈನ್‌ಮನ್ ಹೆಲ್ಮೆಟ್ ತೆಗೆದು ಬೆವರೊರೆಸಿಕೊಳ್ಳುತ್ತಿದ್ದರು. ನೋಡಿದರೆ ಹೆಂಗಸು! ಮೂವತ್ತೈದರ ಆಸುಪಾಸು, ಹಣೆಗೆ ಅಂಟಿದ ಕೂದಲು.

"ಉತರಲೀಸ್ ಕಾ ಗ ಪೋರಿ?" ಎಂದ ಕಾಕಾ. ಇಳಿದೆಯಾ ಮಗಳೇ ಎಂದು. ಕಣ್ಣೆದುರೇ ನಿಂತವಳನ್ನು ಎರಡು ಸಲ ಹಾಗೆ ಕೇಳಿದ. ಆಕೆ ನಕ್ಕು ಹೌದೆಂದಳು.

"ಮನೆಯಲ್ಲಿ ಯಾರಿದ್ದಾರೆ?"

"ಅತ್ತೆ ಇದ್ದಾರೆ, ಎರಡು ಮಕ್ಕಳು."

"ಅತ್ತೆಗೆ ಒಂದು ಫೋನು ಮಾಡು. ಇಳಿದೆ ಅಂತ ಹೇಳು."

"ನಾನು ಹತ್ತಿದ್ದೇ ಅವರಿಗೆ ಗೊತ್ತಿಲ್ಲ ಕಾಕಾ!"

"ಇರಲಿ. ಮಾಡು."

ಮುದುಕನ ಹುಚ್ಚು ಎಂದುಕೊಂಡಳೋ ಏನೋ, ಫೋನು ಹಚ್ಚಿದಳು. ಸುಮ್ಮನೇ ಮಾಡಿದೆ ಅತ್ತೆ, ಕೆಲಸ ಮುಗಿಯಿತು ಎಂದಳು. ಆ ಕಡೆಯಿಂದ ಮುದಿ ದನಿಯೊಂದು ನನಗೂ ಕೇಳುವಷ್ಟು ಜೋರಾಗಿ, ಬರುವಾಗ ಕೊತ್ತಂಬರಿ ತಗೊಂಡು ಬಾ, ಮರೀಬೇಡ ಎಂದಿತು.

ಕಾಕಾ ಕಂಬಕ್ಕೆ ಕೈಯೂರಿ, ನಡುಬೀದಿಯಲ್ಲಿ ನಿಂತು ಅತ್ತುಬಿಟ್ಟ.